ಮಾವಿನಕಾಯಿ ಜಾಡಿಯ ಕೆಳಗಿರುವ ದಾಖಲೆಯನ್ನು ನೋಡುವ ಬಗ್ಗೆ

ಹಳೆಯ ಪತ್ರಿಕೆಗಳ ಅನುಕ್ರಮಣಿಕೆ ಶಾಖೆ
ಸ್ಥಳೀಯ ಇತಿಹಾಸ ದಾಖಲೆಗಳ ವಿಭಾಗ, ಬೆಂಗಳೂರು ದಕ್ಷಿಣ

ಸಂಖ್ಯೆ: ಹಪಅ/ದಕ್ಷಿಣ/ಜಾಡಿ/೧೪/೨೦೨೫-೨೬
ದಿನಾಂಕ: ೧೬-೦೯-೨೦೨೫

ಸುತ್ತೋಲೆ

ವಿಷಯ: ಖಾಸಗಿ ಅಡುಗೆಮನೆಗಳಲ್ಲಿ ಉಪ್ಪಿನಕಾಯಿ ಜಾಡಿಗಳ ಕೆಳಗೆ ಪತ್ತೆಯಾಗಿರುವ ಪತ್ರಿಕಾ ದಾಖಲೆಗಳ ರಕ್ಷಣೆ, ವೀಕ್ಷಣೆ ಮತ್ತು ಜಾಡಿ ಎತ್ತುವಿಕೆಯ ನಿಯಂತ್ರಣ ಕುರಿತು.

ಉಲ್ಲೇಖ:
(೧) ಅನುಕ್ರಮಣಿಕೆ ಪೂರ್ಣಗೊಂಡ ಪತ್ರಿಕೆಗಳ ವಿಲೇವಾರಿ ಕುರಿತ ಈ ಶಾಖೆಯ ಹಿಂದಿನ ಸುತ್ತೋಲೆ (ಹಿಂಪಡೆಯಲಾಗಿದೆ, ಪತ್ರಿಕೆಗಳನ್ನು ಹಿಂಪಡೆಯಲು ಸಾಧ್ಯವಾಗಿರುವುದಿಲ್ಲ).
(೨) ಜರಗನಹಳ್ಳಿ ನಿವಾಸಿ ಶ್ರೀ ದೇವರಾಜ್ ಅವರ ಅರ್ಜಿ.
(೩) ಶೆಲ್ಫ್ ಪರಿವೀಕ್ಷಕ ಶ್ರೀ ಚಕ್ರಪಾಣಿ ಅವರ ಸ್ಥಳ ವರದಿ.
(೪) ಜಯನಗರ ನಿವಾಸಿ ಶ್ರೀಮತಿ ನಾಗಲಕ್ಷ್ಮಮ್ಮ ಅವರು ದೂರವಾಣಿಯಲ್ಲಿ ವ್ಯಕ್ತಪಡಿಸಿದ ಅಭಿಪ್ರಾಯಗಳು (ಬರೆದುಕೊಳ್ಳಲು ಸಾಧ್ಯವಾದಷ್ಟು).

ಪ್ರಸ್ತಾವನೆ:

ನಗರದ ದಕ್ಷಿಣ ಭಾಗದಲ್ಲಿ ಹೊಸ ಬಡಾವಣೆಗಳು ಏಳುತ್ತಿದ್ದ ಕಾಲದಲ್ಲಿ ಪ್ರಕಟವಾಗುತ್ತಿದ್ದ 'ಬಡಾವಣೆ ಬೆಳಗು' ವಾರಪತ್ರಿಕೆಯ ಎಲ್ಲ ಸಂಚಿಕೆಗಳಿಗೆ ಈ ಶಾಖೆಯು ಅನುಕ್ರಮಣಿಕೆಯನ್ನು ಸಿದ್ಧಪಡಿಸಿರುತ್ತದೆ. ಯಾವ ಸುದ್ದಿ ಯಾವ ಪುಟದ ಯಾವ ಅಂಕಣದಲ್ಲಿದೆ ಎಂಬುದನ್ನು ಇದರಿಂದ ಯಾರು ಬೇಕಾದರೂ ತಿಳಿಯಬಹುದಾಗಿದೆ. ಈ ಕಾರ್ಯ ಮುಗಿದ ಮೇಲೆ, ಪತ್ರಿಕೆಗಳಲ್ಲಿ ಏನಿದೆ ಎಂಬುದು ಸಂಪೂರ್ಣವಾಗಿ ತಿಳಿದುಬಂದಿರುವುದರಿಂದ ಪತ್ರಿಕೆಗಳ ಅಗತ್ಯ ಇನ್ನು ಇಲ್ಲವೆಂದು ನಿರ್ಣಯಿಸಿ, ಉಲ್ಲೇಖ (೧)ರಂತೆ ಅವುಗಳನ್ನು ಹಳೇ ಪೇಪರ್ ಅಂಗಡಿಗೆ ಹಾಕಲಾಯಿತು. ತೂಕದಲ್ಲಿ ಯಾವುದೇ ಲೋಪ ಕಂಡುಬಂದಿರುವುದಿಲ್ಲ.

ಆದರೆ, ಅನುಕ್ರಮಣಿಕೆಯನ್ನು ನೋಡಿದ ಸಾರ್ವಜನಿಕರಲ್ಲಿ ಕೆಲವರು ಪತ್ರಿಕೆಯನ್ನೂ ನೋಡಬೇಕೆಂದು ಕೇಳುವ ಪ್ರವೃತ್ತಿ ನಂತರದ ದಿನಗಳಲ್ಲಿ ಗಮನಕ್ಕೆ ಬಂದಿತು. ಆದ್ದರಿಂದ ಪತ್ರಿಕೆಗಳು ಬೇರೆಲ್ಲಾದರೂ ಉಳಿದಿವೆಯೇ ಎಂದು ತಿಳಿಯಲು ಮನೆಮನೆ ಶೆಲ್ಫ್ ಸಮೀಕ್ಷೆಯನ್ನು ಕೈಗೊಳ್ಳಲಾಯಿತು.

ಈ ಭಾಗದ ಮನೆಗಳಲ್ಲಿ ಅಡುಗೆಮನೆಯ ಕಡಪ ಕಲ್ಲಿನ ಶೆಲ್ಫ್‌ಗಳಿಗೆ ಹಳೆಯ ಪತ್ರಿಕೆ ಹಾಸಿ, ಹಬ್ಬ ಬಂದಾಗ ಬದಲಾಯಿಸುವ ಪದ್ಧತಿ ಇರುತ್ತದೆ. ದೊಡ್ಡ ಉಪ್ಪಿನಕಾಯಿ ಜಾಡಿಯನ್ನು ಮಾತ್ರ ಪ್ರತಿ ಬಾರಿಯೂ ಇಳಿಸುವ ಗೋಜಿಗೆ ಹೋಗದೆ, ಅದರ ಸುತ್ತಲಿನ ಕಾಗದವನ್ನು ಹರಿದು ತೆಗೆದು, ಹೊಸ ಕಾಗದವನ್ನು ಸುತ್ತ ಹೊಂದಿಸಿ ಹಾಸಲಾಗುತ್ತದೆ. ಇದರ ಪರಿಣಾಮವಾಗಿ ಪ್ರತಿಯೊಂದು ಹಳೆಯ ಜಾಡಿಯ ಕೆಳಗೂ, ಆ ಜಾಡಿಯನ್ನು ಮೊದಲು ಇಟ್ಟ ದಿನಗಳ ಪತ್ರಿಕೆಯ ದುಂಡನೆಯ ತುಂಡೊಂದು ಉಳಿದುಕೊಂಡಿರುವುದು ಸಮೀಕ್ಷೆಯಿಂದ ದೃಢಪಟ್ಟಿದೆ. ಈ ಭಾಗದ ಇತಿಹಾಸವು ಪ್ರಸ್ತುತ ಈ ಆಕಾರದಲ್ಲಿ ಲಭ್ಯವಿದೆ.

ಅದರಂತೆ, ಎಲ್ಲ ಸಿಬ್ಬಂದಿಗೂ ಸಾರ್ವಜನಿಕರಿಗೂ ಕೆಳಕಂಡ ಸೂಚನೆಗಳನ್ನು ನೀಡಲಾಗಿದೆ.

೧. ಜಾಡಿಯ ಕೆಳಗೆ ದೊರೆತ ತುಂಡನ್ನು ಇನ್ನು ಮುಂದೆ 'ದುಂಡು ದಾಖಲೆ' ಎಂದೂ, ಆ ಅಡುಗೆಮನೆಯನ್ನು 'ಶಾಖಾ ಭಂಡಾರ' ಎಂದೂ, ಆ ಮನೆಯ ಗೃಹಿಣಿಯನ್ನು 'ಗೌರವ ಪಾಲಕರು' ಎಂದೂ ಕರೆಯತಕ್ಕದ್ದು. ಗೌರವ ಪಾಲಕರಿಗೆ ಸಂಭಾವನೆ ಇರುವುದಿಲ್ಲ. ಈ ಹುದ್ದೆಗೆ ನೇಮಕಗೊಂಡ ವಿಷಯವನ್ನು ತಿಳಿಸಿದಾಗ ಶ್ರೀಮತಿ ನಾಗಲಕ್ಷ್ಮಮ್ಮ ಅವರು, "ಗೌರವ ಎಲ್ಲಾ ನೀವೇ ಇಟ್ಕೊಳ್ಳಿ, ನನ್ ಶೆಲ್ಫ್ ನನಗೆ ಬಿಟ್ರೆ ಸಾಕು" ಎಂದಿರುತ್ತಾರೆ. ಇದನ್ನು ಹುದ್ದೆಯ ಸ್ವೀಕೃತಿ ಎಂದು ಪರಿಗಣಿಸಲಾಗಿದೆ.

೨. ಅನುಕ್ರಮಣಿಕೆಯಲ್ಲಿ ದಾಖಲೆ ಇರುವ ಸ್ಥಳವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಸ್ಪಷ್ಟವಾಗಿ ನಮೂದಿಸಲಾಗಿದೆ. ಉದಾಹರಣೆಗೆ: 'ಜರಗನಹಳ್ಳಿ – ಬಸ್ಸು – ಪ್ರಥಮ ಆಗಮನ (ಚಿತ್ರ). ನೋಡಿ: ಜಯನಗರ ಏಳನೇ ಬ್ಲಾಕ್, ಶ್ರೀಮತಿ ನಾಗಲಕ್ಷ್ಮಮ್ಮ, ಅಡುಗೆಮನೆ, ಮೇಲಿನ ಶೆಲ್ಫ್, ಮಾವಿನಕಾಯಿ ಜಾಡಿಯ ಕೆಳಗೆ.' ಇಲ್ಲಿ 'ನೋಡಿ' ಎಂದಿರುವುದು ಅನುಕ್ರಮಣಿಕೆಯ ವಾಡಿಕೆಯೇ ಹೊರತು ಹೋಗಿ ನೋಡಲು ನೀಡಿದ ಅನುಮತಿಯಲ್ಲ.

೩. ಸದರಿ ನಮೂದನ್ನು ಓದಿದ ಶ್ರೀ ದೇವರಾಜ್ ಅವರು ಅರ್ಜಿ ಸಲ್ಲಿಸಿ, ಊರಿಗೆ ಮೊದಲ ಬಸ್ಸು ಬಂದ ದಿನದ ಆ ಚಿತ್ರದಲ್ಲಿ ತಮ್ಮ ದಿವಂಗತ ತಾಯಿ ಮಾರಮ್ಮ ಇದ್ದಾರೆಂದು ಊರಿನ ಹಿರಿಯರು ಹೇಳುತ್ತಿದ್ದರೆಂದೂ, ತಾಯಿಯ ಬೇರಾವ ಫೋಟೋವೂ ಮನೆಯಲ್ಲಿ ಇಲ್ಲವೆಂದೂ, ಪಿತೃಪಕ್ಷದ ಅಮಾವಾಸ್ಯೆಯಂದು ಹಿರಿಯರ ಫೋಟೋಗಳ ಮುಂದೆ ಎಡೆ ಇಡುವ ಪದ್ಧತಿ ಇದ್ದು, ಈ ವರ್ಷವಾದರೂ ತಾಯಿಯ ಚಿತ್ರವನ್ನಿಟ್ಟು ಎಡೆ ಇಡಬೇಕೆಂದೂ ಕೋರಿರುತ್ತಾರೆ. ಅಮಾವಾಸ್ಯೆಯು ಇದೇ ತಿಂಗಳ ೨೧ರಂದು ಇರುತ್ತದೆ. ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸರದಿಯಂತೆ ದೀಪಾವಳಿಯ ನಂತರ ವೀಕ್ಷಣೆಗೆ ಅವಕಾಶ ನೀಡಲಾಗಿದೆ. ಯಾವ ವರ್ಷದ ದೀಪಾವಳಿ ಎಂದು ಅರ್ಜಿದಾರರು ಕೇಳಿರುವುದಿಲ್ಲ.

೪. ದುಂಡು ದಾಖಲೆಯು ಇಷ್ಟು ಕಾಲ ಉಳಿದಿರುವುದು ಜಾಡಿಯಿಂದಲೇ ಆದ್ದರಿಂದ, ಯಾವುದೇ ಕಾರಣಕ್ಕೂ ಜಾಡಿಯನ್ನು ಎತ್ತತಕ್ಕದ್ದಲ್ಲ. ವೀಕ್ಷಣೆಯನ್ನು ಜಾಡಿಯು ದಾಖಲೆಯ ಮೇಲಿರುವಾಗಲೇ ಪೂರೈಸಿಕೊಳ್ಳತಕ್ಕದ್ದು. ಮೊಬೈಲ್‌ನಲ್ಲಿ ಫೋಟೋ ತೆಗೆಯಲು ಯಾವುದೇ ನಿರ್ಬಂಧವಿಲ್ಲ. ಜಾಡಿ ಅಲುಗದಂತೆ ನೋಡಿಕೊಂಡರೆ ಸಾಕು. ಈವರೆಗೆ ಈ ರೀತಿ ತೆಗೆದ ಎಲ್ಲ ಫೋಟೋಗಳಲ್ಲೂ ಜಾಡಿಯು ಸ್ಪಷ್ಟವಾಗಿ ಮೂಡಿಬಂದಿದೆ.

೫. ದಾಖಲೆಯ ಮೇಲಿನ ಒತ್ತಡ ಏಕಪ್ರಕಾರವಾಗಿರಬೇಕಾದ್ದರಿಂದ ಜಾಡಿಯಲ್ಲಿನ ಉಪ್ಪಿನಕಾಯಿ ಅರ್ಧಕ್ಕಿಂತ ಕೆಳಗೆ ಇಳಿಯತಕ್ಕದ್ದಲ್ಲ. ಮೊಸರನ್ನದ ದಿನಗಳಲ್ಲಿ ಪಾಲಕರು ವಿಶೇಷ ಎಚ್ಚರ ವಹಿಸತಕ್ಕದ್ದು. ಮನೆಗೆ ಅಳಿಯಂದಿರು ಬರುವುದಿದ್ದಲ್ಲಿ ಮುಂಚಿತವಾಗಿ ಶಾಖೆಗೆ ತಿಳಿಸತಕ್ಕದ್ದು. ಈ ಬಗ್ಗೆ ಶ್ರೀಮತಿ ನಾಗಲಕ್ಷ್ಮಮ್ಮ ಅವರು ದೂರವಾಣಿಯಲ್ಲಿ, "ನಮ್ಮನೆ ಉಪ್ಪಿನಕಾಯಿ ನಾವು ತಿನ್ನೋಕೆ ನಿಮ್ ಪರ್ಮಿಷನ್ನಾ? ನಾಳೆ ಅನ್ನಕ್ಕೂ ಅರ್ಜಿ ಹಾಕ್ಬೇಕಾ ಹೇಗೆ?" ಎಂದು ವಿಚಾರಿಸಿರುತ್ತಾರೆ. ಅನ್ನದ ಬಗ್ಗೆ ಸದ್ಯಕ್ಕೆ ಯಾವುದೇ ಪ್ರಸ್ತಾವನೆ ಶಾಖೆಯ ಮುಂದೆ ಇಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

೬. ಮೇಲ್ಕಂಡ ಸೂಚನೆಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂಬ ಟೀಕೆ ಕೇಳಿಬಂದ ಹಿನ್ನೆಲೆಯಲ್ಲಿ ಕಚೇರಿಯ ತಾರಸಿಯಲ್ಲಿ ಪ್ರಯೋಗವೊಂದನ್ನು ನಡೆಸಲಾಯಿತು. ಒಂದೇ ದಿನದ ಪತ್ರಿಕೆಯ ಮೂರು ಹಾಳೆಗಳ ಮೇಲೆ ಕ್ರಮವಾಗಿ ಮಾವಿನಕಾಯಿ ಜಾಡಿ, ನಿಂಬೆಕಾಯಿ ಜಾಡಿ ಹಾಗೂ ಹೋಲಿಕೆಗಾಗಿ ಒಂದು ಖಾಲಿ ಜಾಡಿಯನ್ನು ಇಡಲಾಯಿತು. ಬೆಳಕು ಮತ್ತು ಗಾಳಿ ತಾಗಿದ ಭಾಗ ಹಳದಿಗೆ ತಿರುಗಿ ಪೆಡಸಾಗುವುದೂ, ಜಾಡಿಯ ಕೆಳಗಿನ ಭಾಗ ಹಾಗಾಗದೆ ಉಳಿಯುವುದೂ ಕಂಡುಬಂದಿದೆ. ಯಾವ ಉಪ್ಪಿನಕಾಯಿ ಹೆಚ್ಚು ಪರಿಣಾಮಕಾರಿ ಎಂಬುದನ್ನು ಮಾತ್ರ ನಿರ್ಣಯಿಸಲಾಗಿಲ್ಲ. ಅವಲೋಕನದ ಅವಧಿಯು ಸಿಬ್ಬಂದಿಯ ಊಟದ ವಿರಾಮಗಳನ್ನೂ ಒಳಗೊಂಡಿದ್ದು, ಪ್ರಯೋಗ ಮುಗಿಯುವ ವೇಳೆಗೆ ಮೂರೂ ಜಾಡಿಗಳು ಹೋಲಿಕೆಯ ಜಾಡಿಗಳಾಗಿದ್ದವು.

೭. ಕಳೆದ ವಾರ ನಡೆದ ಒಂದು ಉಲ್ಲಂಘನೆಯನ್ನು ಇತರರಿಗೆ ಎಚ್ಚರಿಕೆಯಾಗಲೆಂದು ಇಲ್ಲಿ ದಾಖಲಿಸಲಾಗಿದೆ. ಶ್ರೀ ಚಕ್ರಪಾಣಿ ಅವರು ಶ್ರೀಮತಿ ನಾಗಲಕ್ಷ್ಮಮ್ಮ ಅವರ ಮನೆಯಲ್ಲಿ ಜಾಡಿಯ ನಿಯತ ತಪಾಸಣೆ ನಡೆಸುತ್ತಿದ್ದಾಗ, ಶ್ರೀ ದೇವರಾಜ್ ಅವರು ಯಾವುದೇ ಆದೇಶವಿಲ್ಲದೆ ಬಾಗಿಲಿಗೆ ಬಂದು ನಿಂತಿರುತ್ತಾರೆ. ನಡೆದ ಮಾತುಕತೆಯನ್ನು ಪರಿವೀಕ್ಷಕರು ಬರೆದುಕೊಂಡಂತೆ ಯಥಾವತ್ತಾಗಿ ಕೊಡಲಾಗಿದೆ.

ಅರ್ಜಿದಾರರು: "ಅಮ್ಮಾ, ತಪ್ಪು ತಿಳ್ಕೋಬೇಡಿ. ನಮ್ಮವ್ವ ನಿಮ್ಮನೇಲಿ ಅವಳಂತೆ. ಜಾಡಿ ಕೆಳಗೆ."

ಪಾಲಕರು: "ಯಾರಪ್ಪ ನೀವು... ಓ, ಆ ಬಸ್ ಪೇಪರ್‌ನೋರಾ! ಬನ್ನಿ ಒಳಗೆ. ಬಿಸಿಲಲ್ಲಿ ಬಂದಿದ್ದೀರ, ಕಾಫಿ ಕುಡೀರಿ ಮೊದ್ಲು."

ಪರಿವೀಕ್ಷಕರು: "ಮೇಡಂ, ಜಾಡಿ ಎತ್ತೋ ಹಾಗಿಲ್ಲ. ಆರ್ಡರ್ ಇದೆ."

ಪಾಲಕರು: "ನಾನೆಲ್ಲಿ ಎತ್ತಲಿ, ನನಗೆ ಭುಜ ಮೇಲೆ ಬರಲ್ಲ. ನೀವೇ ಸ್ವಲ್ಪ ಇಳಿಸಿಕೊಡಿ ಚಕ್ರಪಾಣಿ. ಕೈ ಒಣಗಿದೆ ತಾನೇ? ಒದ್ದೆ ಕೈ ತಾಗಿಸಿದ್ರೆ ವರ್ಷದ ಉಪ್ಪಿನಕಾಯಿ ಹಾಳು."

ಪರಿವೀಕ್ಷಕರು ತಮ್ಮ ಕೈ ಒಣಗಿದೆಯೇ ಎಂಬುದನ್ನು ಪರಿಶೀಲಿಸಿ, ಒಣಗಿದೆ ಎಂದು ಖಚಿತಪಡಿಸುವಷ್ಟರಲ್ಲಿ ಜಾಡಿ ಅವರ ಕೈಯಲ್ಲಿತ್ತು. ಇದು ಹೇಗಾಯಿತೆಂದು ವಿವರಣೆ ಕೇಳಲಾಗಿದ್ದು, "ಅವರು ಹೇಳೋ ರೀತಿ ಹಾಗಿರುತ್ತೆ ಮೇಡಂ" ಎಂದು ಲಿಖಿತವಾಗಿ ಉತ್ತರಿಸಿರುತ್ತಾರೆ. ಅವರು ಆ ದಿನ ಸ್ವೀಕರಿಸಿದ ಕಾಫಿಯನ್ನು ಕರ್ತವ್ಯದ ಭಾಗವೆಂದೂ, ಎರಡನೆಯ ಲೋಟವನ್ನು ವೈಯಕ್ತಿಕವೆಂದೂ ಪರಿಗಣಿಸಲಾಗಿದೆ.

೮. ಜಾಡಿಯ ಕೆಳಗಿದ್ದ ದಾಖಲೆಯ ವಿವರ: ತಟ್ಟೆಯಷ್ಟು ಅಗಲ. ಅಂಚಿನಲ್ಲಿ ಎಣ್ಣೆಯ ಗೆರೆ. ಒಳಗಿನ ಕಾಗದ ಬೆಳ್ಳಗಿದೆ. ಬಸ್ಸು, ಹಾರ ಹಾಕಿಸಿಕೊಂಡ ಅಧ್ಯಕ್ಷರು, ಚಾಲಕರು ಹಾಗೂ ಬ್ಯಾನರ್ ಹಲವು ವರ್ಷಗಳ ಹಬ್ಬಗಳಲ್ಲಿ ಹರಿದುಹೋಗಿವೆ. ಉಳಿದಿರುವುದು ಬಸ್ಸಿನ ಮುಂದಿನ ಒಂದು ಚಕ್ರ, ಅಧ್ಯಕ್ಷರ ಮೊಣಕೈ, ಮೂವರು ಹೆಂಗಸರು ಮತ್ತು ಒಂದು ಸೊಪ್ಪಿನ ಬುಟ್ಟಿ. ಹೆಂಗಸರಲ್ಲಿ ಮಾರಮ್ಮ ಯಾರೆಂದು ಹೇಗೆ ಹೇಳುವಿರಿ ಎಂದು ಪರಿವೀಕ್ಷಕರು ನಿಯಮಾನುಸಾರ ಕೇಳಿದ್ದಕ್ಕೆ ಅರ್ಜಿದಾರರು ನೀಡಿದ ಹೇಳಿಕೆ:

"ನೋಡಿ ಸಾರ್. ಇವರಿಬ್ರೂ ಬಾಯಿ ಬಿಟ್ಕೊಂಡು ಬಸ್ ನೋಡ್ತಾವ್ರೆ. ಇವಳೊಬ್ಬಳು ಬುಟ್ಟಿ ಮೇಲೆ ಕೈ ಇಟ್ಕೊಂಡು, ಫೋಟೋ ತೆಗೆಯೋನು ಎಲ್ಲಿ ಸೊಪ್ಪು ತುಳೀತಾನೋ ಅಂತ ಅವನ ಕಾಲೇ ನೋಡ್ತಾವಳೆ. ಇವಳೇ ನಮ್ಮವ್ವ. ಬೇರೆ ಯಾರೂ ಹಿಂಗೆ ನೋಡಕ್ಕಾಗಲ್ಲ."

ಮುಂದುವರಿದು ಅವರು, "ಅಪ್ಪಂದು ಫೋಟೋ ಗೋಡೆ ಮೇಲೈತೆ. ಅವ್ವನ ಜಾಗಕ್ಕೆ ಅವಳ ಸೀರೆ ಮಡಿಸಿ ಇಕ್ತೀವಿ. ಮೊಮ್ಮಕ್ಕಳು ಕೇಳ್ತವೆ ಸಾರ್, ಅಜ್ಜಿ ಹೆಂಗಿದ್ಲು ಅಂತ. ನಾನು ಏನ್ ಹೇಳ್ಲಿ, ಕೆಂಪು ಅಂಚು ಅನ್ನಲಾ?" ಎಂದಿರುತ್ತಾರೆ.

ಬಳಿಕ ಜಾಡಿಯನ್ನು ಯಥಾಸ್ಥಾನದಲ್ಲಿ ಇಟ್ಟು, ಪ್ರಕರಣವನ್ನು ಆದೇಶಕ್ಕಾಗಿ ಈ ಶಾಖೆಗೆ ಸಲ್ಲಿಸಲಾಗಿದೆ.

೯. ಅರ್ಜಿದಾರರ ಹೇಳಿಕೆಯನ್ನು ಅನುಕ್ರಮಣಿಕೆಯೊಂದಿಗೆ ತಾಳೆ ನೋಡಲಾಗಿ, ಸದರಿ ಚಿತ್ರವು 'ಬಸ್ಸು' ಎಂಬ ಶೀರ್ಷಿಕೆಯಡಿ ಮಾತ್ರ ದಾಖಲಾಗಿದ್ದು, 'ಮಾರಮ್ಮ' ಎಂಬ ನಮೂದು ಇರುವುದಿಲ್ಲ. ಅನುಕ್ರಮಣಿಕೆಯಲ್ಲಿ ಇಲ್ಲದವರು ಪತ್ರಿಕೆಯಲ್ಲಿ ಇರಲು ಅವಕಾಶವಿಲ್ಲ. ಚಿತ್ರದಿಂದ ಬಸ್ಸು ಹೊರಟುಹೋಗಿದ್ದರೂ ಚಕ್ರವೊಂದು ಉಳಿದಿರುವುದರಿಂದ ಶೀರ್ಷಿಕೆಯನ್ನು ಬದಲಿಸುವ ಪ್ರಶ್ನೆ ಉದ್ಭವಿಸುವುದಿಲ್ಲ. ಅದರಂತೆ, ಬಸ್ಸಿನ ಬಗ್ಗೆ ಆಸಕ್ತಿ ಇರುವವರಿಗೆ ಆದ್ಯತೆ ನೀಡಬೇಕಾಗಿದ್ದು, ಚಕ್ರವನ್ನು ನೋಡಲು ಕೋರಿದ್ದ ಕುಮಾರಸ್ವಾಮಿ ಲೇಔಟ್‌ನ ಹಳೆ ಬಸ್ಸು ಆಸಕ್ತರ ಬಳಗಕ್ಕೆ ೨೧ನೇ ತಾರೀಖನ್ನು ಮೀಸಲಿಡಲಾಗಿತ್ತು. ಈ ವಿಷಯವನ್ನೂ, ಅರ್ಜಿದಾರರ ವಿಷಯವನ್ನೂ ತಿಳಿಸಿದಾಗ ಬಳಗದ ಕಾರ್ಯದರ್ಶಿ ಶ್ರೀ ಶ್ರೀಕರ್ ಅವರು, "ಅಯ್ಯೋ, ಏನ್ ಸಾರ್ ನೀವು! ಟೈರ್ ನೋಡೋಕೆ ಏನ್ ಅರ್ಜೆಂಟು? ಮೊದ್ಲು ಅಂಕಲ್‌ಗೆ ಅವರಮ್ಮನ್ನ ಕೊಡಿ" ಎಂದು ತಿಳಿಸಿರುತ್ತಾರೆ. ಇದನ್ನು ಬಳಗದ ನಿರಾಕ್ಷೇಪಣಾ ಪತ್ರವೆಂದು ಸ್ವೀಕರಿಸಲಾಗಿದೆ. ಹೀಗಾಗಿ ೨೧ನೇ ತಾರೀಖು ಖಾಲಿ ಇರುತ್ತದೆ. ಖಾಲಿ ಇರುವ ತಾರೀಖನ್ನು ಇನ್ನೊಬ್ಬರಿಗೆ ನೀಡಲು ನಿಯಮಗಳಲ್ಲಿ ಅವಕಾಶ ಇರುವುದಿಲ್ಲ.

೧೦. ಇದೇ ಸಂದರ್ಭದಲ್ಲಿ ಶ್ರೀಮತಿ ನಾಗಲಕ್ಷ್ಮಮ್ಮ ಅವರು, ಅಮಾವಾಸ್ಯೆಯ ಮರುದಿನ ನವರಾತ್ರಿ ಆರಂಭವಾಗುವುದರಿಂದ ಶೆಲ್ಫ್ ತೊಳೆದು ಪೂರ್ತಿ ಹೊಸ ಕಾಗದ ಹಾಸಲು ಅನುಮತಿ ಕೋರಿದ್ದರು. ಅನುಮತಿ ನಿರಾಕರಿಸಲಾಗಿದೆ ಎಂದು ತಿಳಿಸಿದಾಗ ಅವರು, "ಹಾಗಾದ್ರೆ ಒಂದ್ ಕೆಲ್ಸ ಮಾಡಿ. ಜಾಡಿ ಬಿಟ್ಟು ಪೇಪರ್ ಇರಬಾರ್ದು, ಪೇಪರ್ ಬಿಟ್ಟು ಜಾಡಿ ಇರಬಾರ್ದು ಅಂತ ತಾನೇ ನಿಮ್ಮ ರೂಲ್ಸು? ಎರಡನ್ನೂ ದೇವರಾಜ್ ಅವರ ಮನೆಗೆ ತಗೊಂಡ್ಹೋಗಿ. ಒಳಗಿರೋ ಉಪ್ಪಿನಕಾಯಿ ಸಮೇತ. ಅವರ ಮನೇಲಿ ಶೆಲ್ಫ್ ಇಲ್ವಾ?" ಎಂದು ಕೇಳಿರುತ್ತಾರೆ.

ಈ ಪ್ರಶ್ನೆಯನ್ನು ಶಾಖೆಯಲ್ಲಿ ಎರಡು ಸಭೆಗಳಲ್ಲಿ ಚರ್ಚಿಸಲಾಯಿತು. ಶ್ರೀ ಚಕ್ರಪಾಣಿ ಅವರು ಜರಗನಹಳ್ಳಿಗೆ ತೆರಳಿ ಪರಿಶೀಲಿಸಿ, ಅಲ್ಲಿ ಶೆಲ್ಫ್ ಇದೆ ಎಂದು ದೃಢಪಡಿಸಿರುತ್ತಾರೆ. ಶೆಲ್ಫ್ ಮತ್ತು ಜಾಡಿ ಇರುವ ಯಾವುದೇ ಅಡುಗೆಮನೆಯನ್ನು ಶಾಖಾ ಭಂಡಾರವೆಂದು ಘೋಷಿಸಬಹುದಾಗಿದೆ. ಒಂದು ಶಾಖಾ ಭಂಡಾರದಿಂದ ಇನ್ನೊಂದಕ್ಕೆ ದಾಖಲೆ ಹೋಗುವುದು ವೀಕ್ಷಣೆಯಲ್ಲ, ವರ್ಗಾವಣೆ. ವರ್ಗಾವಣೆಗೆ ಅರ್ಜಿಯಾಗಲಿ ಸರದಿಯಾಗಲಿ ಇರುವುದಿಲ್ಲ. ಆದ್ದರಿಂದ ಶ್ರೀ ದೇವರಾಜ್ ಅವರ ಅರ್ಜಿಯನ್ನು ತಿರಸ್ಕರಿಸಿ, ಅವರ ಅಡುಗೆಮನೆಯನ್ನು ತತ್‌ಕ್ಷಣದಿಂದ ಜಾರಿಗೆ ಬರುವಂತೆ ಶಾಖಾ ಭಂಡಾರವೆಂದು ಘೋಷಿಸಿ ಆದೇಶಿಸಲಾಗಿದೆ.

೧೧. ವರ್ಗಾವಣೆಯ ಸಮಯದಲ್ಲಿ ದಾಖಲೆಯು ಜಾಡಿಯ ಕೆಳಗೇ ಇರತಕ್ಕದ್ದು. ಇದಕ್ಕಾಗಿ ದಾಖಲೆಯನ್ನು ಮಣೆಯ ಮೇಲೂ, ಜಾಡಿಯನ್ನು ದಾಖಲೆಯ ಮೇಲೂ, ಮಣೆಯನ್ನು ಪರಿವೀಕ್ಷಕರ ತೊಡೆಯ ಮೇಲೂ ಇಟ್ಟುಕೊಂಡು ಆಟೋದಲ್ಲಿ ತೆರಳತಕ್ಕದ್ದು. ಕನಕಪುರ ರಸ್ತೆಯ ಗುಂಡಿಗಳಲ್ಲಿ ಜಾಡಿಯು ಕ್ಷಣಕಾಲ ಮೇಲೇಳುವುದನ್ನು ಎತ್ತುವಿಕೆ ಎಂದು ಪರಿಗಣಿಸಲಾಗುವುದಿಲ್ಲ. ಬಸ್ಸಿನಲ್ಲಿ ಹೋಗಬಾರದೇಕೆ ಎಂದು ಪರಿವೀಕ್ಷಕರು ಕೇಳಿದ್ದಾರೆ. ನಿಂತು ಪ್ರಯಾಣಿಸುವಾಗ ತೊಡೆ ಇರುವುದಿಲ್ಲ.

೧೨. ಹೊಸ ಶಾಖಾ ಭಂಡಾರದಲ್ಲಿಯೂ ಜಾಡಿಯನ್ನು ಎತ್ತತಕ್ಕದ್ದಲ್ಲ ಎಂಬ ಸೂಚನೆ ಸಂಪೂರ್ಣವಾಗಿ ಅನ್ವಯಿಸುತ್ತದೆ. ಆದರೆ ಪ್ರಯಾಣದಲ್ಲಿ ಜಾಡಿಯ ತಳಕ್ಕೆ ಎಣ್ಣೆ ಇಳಿದಿರುವ ಸಾಧ್ಯತೆ ಇರುವುದರಿಂದ, ದಾಖಲೆಯ ಹಿತದೃಷ್ಟಿಯಿಂದ, ಜಾಡಿಯನ್ನು ಒಮ್ಮೆ ಎತ್ತಿ ಒಣಬಟ್ಟೆಯಲ್ಲಿ ಒರೆಸಲು ವಿನಾಯಿತಿ ನೀಡಲಾಗಿದೆ. ಈ ಕಾರ್ಯಕ್ಕೆ ಖಾಲಿ ಇರುವ ೨೧ನೇ ತಾರೀಖನ್ನು ನಿಗದಿಪಡಿಸಲಾಗಿದೆ. ಒರೆಸುವ ಅವಧಿಯಲ್ಲಿ ದಾಖಲೆಯನ್ನು ಅಡುಗೆಮನೆಯಲ್ಲಿ ಬಿಡದೆ, ಸ್ವಚ್ಛವಾದ ಎತ್ತರದ ಸ್ಥಳದಲ್ಲಿ, ಎಲ್ಲರಿಗೂ ಕಾಣುವಂತೆ ನೆಟ್ಟಗೆ ನಿಲ್ಲಿಸಿ ಇಡತಕ್ಕದ್ದು. ಸದರಿ ಮನೆಯಲ್ಲಿ ಅಂತಹ ಸ್ಥಳ ಒಂದೇ ಇದ್ದು, ಅದು ಅರ್ಜಿದಾರರ ತಂದೆಯ ಫೋಟೋದ ಪಕ್ಕದಲ್ಲಿದೆ ಎಂದು ಪರಿವೀಕ್ಷಕರು ವರದಿ ಮಾಡಿರುತ್ತಾರೆ.

೧೩. ಜಾಡಿಯೊಂದನ್ನು ಒರೆಸಲು ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ಶಾಖೆಯು ನಿಗದಿಪಡಿಸಿರುವುದಿಲ್ಲ. ನಿಗದಿಪಡಿಸುವ ಉದ್ದೇಶವೂ ಇರುವುದಿಲ್ಲ.

(ಸಹಿ)
ವಾರಿಜಾ
ಅನುಕ್ರಮಣಿಕೆ ಅಧಿಕಾರಿ
ಬೆಂಗಳೂರು ದಕ್ಷಿಣ

ಪ್ರತಿಗಳು:

೧. ಎಲ್ಲ ಶಾಖಾ ಭಂಡಾರಗಳ ಗೌರವ ಪಾಲಕರಿಗೆ – ಅಗತ್ಯ ಕ್ರಮಕ್ಕಾಗಿ ಹಾಗೂ ಕ್ರಮ ಕೈಗೊಳ್ಳದಿರುವ ಸಲುವಾಗಿ.

೨. ಹಳೆ ಬಸ್ಸು ಆಸಕ್ತರ ಬಳಗ, ಕುಮಾರಸ್ವಾಮಿ ಲೇಔಟ್ – ಚಕ್ರದ ವೀಕ್ಷಣೆಗೆ ಹೊಸ ದಿನಾಂಕವನ್ನು ಜರಗನಹಳ್ಳಿ ಭಂಡಾರದವರನ್ನೇ ಕೇಳಿ ಪಡೆಯತಕ್ಕದ್ದು.

೩. ಶ್ರೀಮತಿ ನಾಗಲಕ್ಷ್ಮಮ್ಮ, ಜಯನಗರ – ತಾವು ಗೌರವ ಪಾಲಕರ ಹುದ್ದೆಯಿಂದ ಬಿಡುಗಡೆ ಹೊಂದಿರುತ್ತೀರಿ. ಶೆಲ್ಫ್ ತೊಳೆಯಬಹುದು.

೪. ಶ್ರೀ ದೇವರಾಜ್, ಜರಗನಹಳ್ಳಿ – ತಮ್ಮ ಅರ್ಜಿ ತಿರಸ್ಕೃತವಾಗಿರುವ ಮಾಹಿತಿಗಾಗಿ. ಆಟೋ ಶನಿವಾರ ಬೆಳಗ್ಗೆ ಬರುತ್ತದೆ.

೫. ಶ್ರೀ ಚಕ್ರಪಾಣಿ, ಶೆಲ್ಫ್ ಪರಿವೀಕ್ಷಕರು – ೨೧ರಂದು ಜರಗನಹಳ್ಳಿಯಲ್ಲಿ ಜಾಡಿ ಒರೆಸುವ ಕಾರ್ಯ ಮುಗಿಯುವವರೆಗೆ ಹಾಜರಿರತಕ್ಕದ್ದು. ಅವಸರ ಮಾಡತಕ್ಕದ್ದಲ್ಲ. ಎಲೆ ಹಾಕಿದಲ್ಲಿ ಕೂರತಕ್ಕದ್ದು.